ನೆರೆ ಬಂದಾಗ ನೆರೆಯವರು

ಆಗಸ್ಟ್ 15 ನಮಗೆ ಎರಡು ಸಂಭ್ರಮಗಳ ದಿನ. ದೇಶಕ್ಕೆ ಸ್ವಾತಂತ್ರ್ಯ ದೊರೆತ ದಿನ. ದೇವಮಾತೆ ಮರಿಯಮ್ಮನವರು ಆತ್ಮ ಶರೀರಗಳ ಸಮೇತ ಸ್ವರ್ಗಕ್ಕೆ ಸ್ವೀಕೃತರಾದ ಮಹೋತ್ಸವದ ದಿನ. ಚರ್ಚಿನ ಅಂಗಳದಲ್ಲಿ ಧ್ವಜ ಏರಿಸಿ, ಒಳಗೆ ಬಲಿಪೂಜೆಗೆ ಸೇರುವುದು ನಮ್ಮಲ್ಲಿ ವಾಡಿಕೆ. ಆದರೆ ಅಂದು ಓದುವ ಶುಭಸಂದೇಶದಲ್ಲಿ (ಲೂಕ 1:39-56) ಸ್ವರ್ಗದ ವರ್ಣನೆಯೇ ಇಲ್ಲ ಎಂಬುದನ್ನು ನಾವು ಗಮನಿಸಿದ್ದೇವೆಯೇ? ಅಲ್ಲಿರುವುದು ಒಂದು ಪ್ರಯಾಣ. ಸ್ವತಃ ಗರ್ಭಿಣಿಯಾಗಿದ್ದ ಮರಿಯಮ್ಮನವರು ತಡಮಾಡದೆ ಬೆಟ್ಟಗುಡ್ಡಗಳ ದಾರಿ ಹಿಡಿದು, ವಯಸ್ಸಾದ ಎಲಿಜಬೇತಮ್ಮನವರ ಮನೆಗೆ ಹೋಗುತ್ತಾರೆ. ಸುಮಾರು ಮೂರು ತಿಂಗಳು ಅಲ್ಲೇ ಉಳಿಯುತ್ತಾರೆ. ಸ್ವರ್ಗಕ್ಕೆ ಏರಿದವರ ಹಬ್ಬದಲ್ಲಿ ಧರ್ಮಸಭೆ ನಮಗೆ ತೋರಿಸುವುದು ಇನ್ನೊಬ್ಬರ ಮನೆಯ ಹೊಸ್ತಿಲು ದಾಟಿದವರ ಚಿತ್ರವನ್ನು.

ನಮ್ಮ ಕನ್ನಡದಲ್ಲಿ 'ನೆರೆ' ಎಂಬ ಒಂದೇ ಮಾತಿಗೆ ಎರಡು ಅರ್ಥ. ಉಕ್ಕಿ ಬರುವ ಪ್ರವಾಹವೂ ನೆರೆ; ಬೇಲಿಯಾಚೆಯ ಮನೆಯೂ ನೆರೆ. ಮಳೆಗಾಲದ ನಡುವೆ ಬರುವ ಈ ಹಬ್ಬದಂದು ಆ ಎರಡೂ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಚಿತ. ಕಡಲಿನ ಮಟ್ಟ ಏರುತ್ತಿದೆ, ಚಂಡಮಾರುತಗಳ ಬಲ ಹೆಚ್ಚುತ್ತಿದೆ ಎಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರದಲ್ಲಿಯೂ 2023ರಲ್ಲಿ 'ಲೌದಾತೆ ದೇವುಂ' ಪ್ರಬೋಧನೆಯಲ್ಲಿಯೂ ಹವಾಮಾನದ ಈ ಬದಲಾವಣೆಯನ್ನು ನಮ್ಮ ವಿಶ್ವಾಸದ ಪ್ರಶ್ನೆಯನ್ನಾಗಿಯೇ ಮುಂದಿಟ್ಟರು. ಹಾಗಾದರೆ ಕಡಲ ತೀರದ ಒಂದು ನಗರವನ್ನು ಕಾಪಾಡುವುದು ಯಾವುದು? ಕಲ್ಲಿನ ಗೋಡೆಯೇ, ಸರಕಾರವೇ, ಜನರ ಒಗ್ಗಟ್ಟೇ? ಈ ಪ್ರಶ್ನೆಗೆ ಅಮೆರಿಕ ದೇಶದ ನ್ಯೂ ಓರ್ಲಿಯನ್ಸ್ ನಗರದ ಒಂದು ಬಡ ಧರ್ಮಕೇಂದ್ರದ ಚರಿತ್ರೆ ಒಳ್ಳೆಯ ಉತ್ತರ ಕೊಡುತ್ತದೆ.

ಮನೆ ಬಿಟ್ಟು ಬಂದವರು

ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆ, 1718ರಲ್ಲಿ ಫ್ರೆಂಚರು ಕಟ್ಟಿದ ನಗರ ನ್ಯೂ ಓರ್ಲಿಯನ್ಸ್. ಅದರ ಅರ್ಧದಷ್ಟು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಸುತ್ತಲೂ ಒಡ್ಡು ಕಟ್ಟಿ, ಮಳೆಯ ನೀರನ್ನು ಪಂಪುಗಳಿಂದ ಹೊರಹಾಕಿ ಆ ನಗರ ಬದುಕಿದೆ. ಅಲ್ಲಿನ ಕಥೋಲಿಕರು ದೇವಮಾತೆಯನ್ನು 'ಶೀಘ್ರ ಸಹಾಯ ಮಾತೆ' ಎಂಬ ಹೆಸರಿನಿಂದ ಗೌರವಿಸುತ್ತಾರೆ. ಚಂಡಮಾರುತದ ತಿಂಗಳುಗಳಲ್ಲಿ ಬಲಿಪೂಜೆಯ ವೇಳೆ ಆಕೆಯ ಬಿನ್ನಹವನ್ನು ಕೋರುವ ಪದ್ಧತಿ ಇದೆ. ಎಲಿಜಬೇತಮ್ಮನ ಮನೆಗೆ ಅವಸರದಿಂದ ನಡೆದ ಮರಿಯಮ್ಮನವರಿಗೆ ಇದು ಒಪ್ಪುವ ಹೆಸರೇ ಸರಿ.

ಈ ನಗರದ ಪೂರ್ವದ ಅಂಚಿನಲ್ಲಿ ವಿಯೆಟ್ನಾಂ ಮೂಲದ ಕಥೋಲಿಕರ ಬಡಾವಣೆಯೊಂದಿದೆ. ಅಲ್ಲಿನ ಒಂದು ವಸತಿ ಸಮುಚ್ಚಯದ ಹೆಸರಿನಿಂದಾಗಿ ಜನ ಅದನ್ನು ವರ್ಸೈಲ್ಸ್ ಎನ್ನುತ್ತಾರೆ. ಅಲ್ಲಿನ ಹಿರಿಯರಲ್ಲಿ ಅನೇಕರು ಉತ್ತರ ವಿಯೆಟ್ನಾಮಿನ ಬುಯಿ ಚು, ಫಾತ್ ಯೆಮ್ ಎಂಬ ಹಳೆಯ ಧರ್ಮಪ್ರಾಂತ್ಯಗಳವರು. 1954ರಲ್ಲಿ ಆ ದೇಶ ಎರಡು ಭಾಗವಾದಾಗ ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರದಿಂದ ದಕ್ಷಿಣಕ್ಕೆ ವಲಸೆ ಹೋದರು. ಅವರಲ್ಲಿ ಬಹುಪಾಲು ಕಥೋಲಿಕರು. 1975ರಲ್ಲಿ ಸೈಗಾನ್ ಪತನವಾದಾಗ ಎರಡನೆಯ ಬಾರಿ ಮನೆ ಬಿಡಬೇಕಾಯಿತು. ಆಗ ನ್ಯೂ ಓರ್ಲಿಯನ್ಸಿನ ಮಹಾಧರ್ಮಾಧ್ಯಕ್ಷರಾಗಿದ್ದ ಫಿಲಿಪ್ ಹ್ಯಾನನ್‌ರವರು ಈ ನಿರಾಶ್ರಿತರನ್ನು ತಮ್ಮ ನಗರಕ್ಕೆ ಕರೆತಂದರು. ಕಥೋಲಿಕ ಸೇವಾಸಂಸ್ಥೆ ಅವರಿಗೆ ನೆಲೆ ಒದಗಿಸಿತು.

ಬಂದವರು ಸುಮ್ಮನೆ ಕೂರಲಿಲ್ಲ. ಗಂಡಸರಲ್ಲಿ ಹಲವರು ಸಿಗಡಿ ಹಿಡಿಯುವ ದೋಣಿಗಳಿಗೆ ಇಳಿದರು. ಅಜ್ಜ ಅಜ್ಜಿಯರು ಕಾಲುವೆಯ ದಂಡೆಗಳಲ್ಲಿ ತಮ್ಮ ನಾಡಿನ ಸೊಪ್ಪು ತರಕಾರಿ ಬೆಳೆದರು. ಶನಿವಾರ ನಸುಕಿನಲ್ಲಿ ಅದರದೇ ಸಂತೆ ಕೂಡುತ್ತಿತ್ತು. 1980ರ ದಶಕದಲ್ಲಿ 'ವಿಯೆಟ್ನಾಮಿನ ರಾಣಿ ಮರಿಯಮ್ಮ'ನವರ ಹೆಸರಿನಲ್ಲಿ ಧರ್ಮಕೇಂದ್ರ ಸ್ಥಾಪನೆಯಾಯಿತು. ವಿಯೆಟ್ನಾಮಿನವರಿಗೆ ದೇವಮಾತೆಯ ಮೇಲಿನ ಭಕ್ತಿ ಅಪಾರ. ಹಿಂಸೆಯ ಕಾಲದಲ್ಲಿ, 1798ರಲ್ಲಿ, ಕಾಡಿನಲ್ಲಿ ಅಡಗಿದ್ದ ಕ್ರೈಸ್ತರಿಗೆ ಮಾತೆ ದರ್ಶನವಿತ್ತರೆಂಬ ನಂಬಿಕೆಯ ಲಾ ವಾಂಗ್ ಪುಣ್ಯಕ್ಷೇತ್ರದಲ್ಲಿ ದೊಡ್ಡ ಯಾತ್ರೆ ನಡೆಯುವುದೂ ಈ ಆಗಸ್ಟ್ ಹಬ್ಬದಂದೇ. ನಮಗೆ ವೇಳಾಂಗಣ್ಣಿ ಹೇಗೋ ಅವರಿಗೆ ಲಾ ವಾಂಗ್ ಹಾಗೆ.

ಧರ್ಮಕೇಂದ್ರವನ್ನು ಸಣ್ಣ ಸಣ್ಣ ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥನನ್ನು ನೇಮಿಸಿದ್ದರು. ನಮ್ಮ ಕರಾವಳಿಯ ವಾಳೆಗಳನ್ನೂ ಗುರ್ಕಾರರನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸವಿಲ್ಲ, ಯಾವ ಮುದುಕಿ ಒಂಟಿ ಎಂಬುದು ಮುಖ್ಯಸ್ಥನಿಗೆ ತಿಳಿದಿರುತ್ತಿತ್ತು. ಜಪಸರ ಪ್ರಾರ್ಥನೆಗೆಂದು ಮಾಡಿಕೊಂಡ ಈ ವ್ಯವಸ್ಥೆ ಮುಂದೊಂದು ದಿನ ಬಡಾವಣೆಯನ್ನೇ ಉಳಿಸೀತೆಂದು ಯಾರೂ ಎಣಿಸಿರಲಿಲ್ಲ.

ಒಡ್ಡು ಒಡೆಯಿತು

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಆ ತೀರಕ್ಕೆ ಅಪ್ಪಳಿಸಿತು. ಒಡ್ಡುಗಳು ಹಲವೆಡೆ ಒಡೆದವು. ನಗರದ ಶೇ. 80ರಷ್ಟು ಭಾಗ ನೀರಿನಡಿ ಹೋಯಿತು. ಚಂಡಮಾರುತಕ್ಕೆ ಬಲಿಯಾದವರು 1,300ಕ್ಕೂ ಹೆಚ್ಚು ಮಂದಿ.

ಇದು ಬರಿಯ ಪ್ರಕೃತಿಯ ಮುನಿಸಲ್ಲ. ಸಮುದ್ರಕ್ಕೂ ನಗರಕ್ಕೂ ನಡುವೆ ಹಿಂದೆ ವಿಶಾಲವಾದ ಜೌಗು ನೆಲವೂ ಸೈಪ್ರೆಸ್ ಮರಗಳ ಕಾಡೂ ಇದ್ದವು. ಬರುವ ಅಲೆಯ ಬಲವನ್ನು ಅವು ಕುಗ್ಗಿಸುತ್ತಿದ್ದವು. ನದಿಗೆ ಒಡ್ಡು ಕಟ್ಟಿದ್ದರಿಂದ ಹೊಸ ಮಣ್ಣು ಬಂದು ಸೇರುವುದು ನಿಂತಿತು. ತೈಲಕ್ಕಾಗಿಯೂ ಹಡಗುಗಳಿಗಾಗಿಯೂ ಕಾಲುವೆಗಳನ್ನು ತೋಡಿದರು. 1932ರಿಂದ 2016ರ ವರೆಗೆ ಆ ರಾಜ್ಯದ ಕರಾವಳಿ ಕಳೆದುಕೊಂಡ ನೆಲ ಸುಮಾರು 5,000 ಚದರ ಕಿಲೋಮೀಟರ್. 1960ರ ದಶಕದಲ್ಲಿ ಪೂರ್ಣಗೊಂಡ ಒಂದು ದೊಡ್ಡ ಹಡಗು ಕಾಲುವೆ ಉಪ್ಪುನೀರನ್ನು ಒಳಗೆ ತಂದು ಸೈಪ್ರೆಸ್ ಕಾಡನ್ನು ಕೊಂದಿತು. ದೇವರು ಕೊಟ್ಟ ಬೇಲಿಯನ್ನು ಮನುಷ್ಯ ಕಿತ್ತ. ತಾನು ಕಟ್ಟಿದ ಬೇಲಿಯನ್ನು ನಂಬಿದ. ಅದು ಒಂದೇ ದಿನದಲ್ಲಿ ಕುಸಿಯಿತು.

ಮೂರನೆಯ ಬಾರಿ ನಿರಾಶ್ರಿತರಾದ ವರ್ಸೈಲ್ಸಿನ ಜನ ಟೆಕ್ಸಾಸ್ ಮೊದಲಾದ ಕಡೆಗಳಿಗೆ ಚದುರಿದರು. ಧರ್ಮಕೇಂದ್ರದ ಗುರುಗಳಾಗಿದ್ದ ಫಾದರ್ ವಿಯೆನ್ ಥೆ ಗುಯೆನ್‌ರವರು ಆಶ್ರಯ ಶಿಬಿರಗಳನ್ನು ಸುತ್ತಿ ತಮ್ಮ ಜನರನ್ನು ಹುಡುಕಿದರು. ವಿಭಾಗಗಳ ಮುಖ್ಯಸ್ಥರ ಮೂಲಕ ಯಾರು ಎಲ್ಲಿದ್ದಾರೆಂಬ ಸುದ್ದಿ ಕೂಡಿಬಂತು. ಅಕ್ಟೋಬರಿನಲ್ಲಿ ವಿದ್ಯುತ್ತಿಲ್ಲದ ಊರಿಗೆ ಮೊದಲು ನೂರಾರು ಮಂದಿ ಬಲಿಪೂಜೆಗೆ ಬಂದರು. ಕೆಲವೇ ವಾರಗಳಲ್ಲಿ ಸಂಖ್ಯೆ ಎರಡು ಸಾವಿರ ದಾಟಿತು. ಹಣ ಕೊಡುವ ಗ್ರಾಹಕರು ಇದ್ದಾರೆಂಬುದು ಖಚಿತವಾಗದೆ ವಿದ್ಯುತ್ ಸಂಪರ್ಕ ಕೊಡಲಾಗದೆಂದು ಕಂಪನಿ ಹೇಳಿದಾಗ, ಗುರುಗಳು ಬಲಿಪೂಜೆಗೆ ಸೇರಿದ ಜನರ ಭಾವಚಿತ್ರಗಳ ಜೊತೆಗೆ 500 ಹೆಸರುಗಳ ಪಟ್ಟಿಯನ್ನು ಒಪ್ಪಿಸಿದರು. ನವೆಂಬರಿನಲ್ಲಿ ದೀಪ ಹತ್ತಿತು. ಸುತ್ತಲಿನ ಬಡಾವಣೆಗಳು ಕತ್ತಲಲ್ಲಿದ್ದಾಗ ಇಲ್ಲಿ ಮನೆಗಳ ದುರಸ್ತಿ ಆರಂಭವಾಗಿತ್ತು. ಎರಡು ವರ್ಷಗಳಲ್ಲಿ ಈ ಸಮುದಾಯದ ಸುಮಾರು ಶೇ. 90ರಷ್ಟು ಜನ ಮರಳಿದ್ದರು.

ಒಗ್ಗಟ್ಟಿನಲ್ಲಿ ಬಲವಿದೆ ಎಂಬ ನೀತಿಗೆ ಇಷ್ಟು ಸಾಕಾಗಿತ್ತು. ಆದರೆ ಈ ಚರಿತ್ರೆಯ ಮುಖ್ಯ ಪಾಠ ಇದರ ನಂತರ ಬರುತ್ತದೆ.

ಕಸದ ಬೆಟ್ಟ, ಹೊಸ ಗೆಳೆತನ

ನಗರದಲ್ಲಿ ಕುಸಿದ ಸಾವಿರಾರು ಮನೆಗಳ ಅವಶೇಷಗಳನ್ನು ಎಲ್ಲಿಗಾದರೂ ಸಾಗಿಸಬೇಕಿತ್ತು. 2006ರ ಫೆಬ್ರವರಿಯಲ್ಲಿ ಮೇಯರ್ ರೇ ನೇಗಿನ್‌ರವರು ತುರ್ತು ಅಧಿಕಾರ ಬಳಸಿ, ಭೂಬಳಕೆಯ ನಿಯಮಗಳನ್ನು ಆರು ತಿಂಗಳು ತಡೆಹಿಡಿದು, ಷೆಫ್ ಮೆಂಟರ್ ಹೆದ್ದಾರಿಯ ಬಳಿ ಡಂಪಿಂಗ್ ಯಾರ್ಡ್ ತೆರೆಯಲು ಅವಕಾಶ ಕೊಟ್ಟರು. ಅದು ವರ್ಸೈಲ್ಸಿನಿಂದ ಎರಡು ಮೈಲಿಗಿಂತ ಹತ್ತಿರ; ವನ್ಯಜೀವಿ ರಕ್ಷಿತಾರಣ್ಯದ ಪಕ್ಕ. ಮನೆಗಳ ಅವಶೇಷದೊಂದಿಗೆ ಬಣ್ಣ, ಔಷಧಿ, ಯಂತ್ರಗಳ ವಿಷವೂ ಬರುತ್ತದೆ. ನೆಲಕ್ಕೆ ಇಳಿಯದಂತೆ ತಡೆಯುವ ಹಾಸು ಅಲ್ಲಿರಲಿಲ್ಲ. ಅಜ್ಜಿಯರು ತರಕಾರಿಗೆ ನೀರೆತ್ತುತ್ತಿದ್ದ ಕಾಲುವೆ ಅದರ ಮಗ್ಗುಲಲ್ಲೇ ಇತ್ತು. ಮತ್ತೆ ನೆರೆ ಬಂದರೆ ಆ ಕೊಳೆ ಎಲ್ಲಿಗೆ ಹರಿದೀತೆಂದು ಯಾರಾದರೂ ಊಹಿಸಬಹುದಿತ್ತು.

ಈ ಬಡಾವಣೆಯ ಸುತ್ತ ವಾಸಿಸುತ್ತಿದ್ದವರು ಹೆಚ್ಚಾಗಿ ಕಪ್ಪು ಜನಾಂಗದವರು, ಬೇರೆ ಪಂಗಡದ ಚರ್ಚುಗಳಿಗೆ ಸೇರಿದವರು. ಮೂವತ್ತು ವರ್ಷ ಪಕ್ಕಪಕ್ಕದಲ್ಲೇ ಇದ್ದರೂ ಭಾಷೆ ಬೇರೆ, ಆರಾಧನೆ ಬೇರೆ, ಒಡನಾಟ ಅಷ್ಟಕ್ಕಷ್ಟೆ. ಕಸದ ರಾಶಿಗೆ ಮಾತ್ರ ಈ ಭೇದ ಗೊತ್ತಿರಲಿಲ್ಲ. ವಿಯೆಟ್ನಾಮಿನವರು ಚರ್ಚಿನ ಕಾಂಪೌಂಡು ದಾಟಿ ಹೊರಬಂದರು. ಕಪ್ಪು ಜನಾಂಗದ ನೆರೆಹೊರೆಯ ಸಂಘಗಳೂ ಪರಿಸರ ಸಂಘಟನೆಗಳೂ ಜೊತೆಗೂಡಿದವು. ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಜೀವಮಾನದಲ್ಲಿ ಎಂದೂ ಅಧಿಕಾರಿಗಳ ಎದುರು ನಿಲ್ಲದ, ಇಂಗ್ಲಿಷ್ ಬಾರದ ಮುದುಕ ಮುದುಕಿಯರು ನಗರಾಡಳಿತ ಭವನದ ಮುಂದೆ ನಿಂತರು. ಅವರ ಮಾತನ್ನು ಮೊಮ್ಮಕ್ಕಳ ವಯಸ್ಸಿನ ತರುಣರು ಇಂಗ್ಲಿಷಿಗೆ ತಂದರು. 2006ರ ಆಗಸ್ಟ್ ಮಧ್ಯಭಾಗದಲ್ಲಿ, ಇದೇ ಸ್ವರ್ಗಸ್ವೀಕಾರ ಹಬ್ಬದ ಸುಮಾರಿಗೆ, ಮೇಯರರ ಆದೇಶದ ಅವಧಿ ಮುಗಿಯಿತು. ಅದನ್ನು ಮುಂದುವರಿಸಲಿಲ್ಲ. ಡಂಪಿಂಗ್ ಯಾರ್ಡ್ ಮುಚ್ಚಿತು.

ಎಲ್ಲವೂ ಗೆಲುವೇ ಆಗಿತ್ತೆಂದು ಹೇಳುವಂತಿಲ್ಲ. ಅಷ್ಟರೊಳಗೆ ಸುರಿದಿದ್ದ ಕಸ ಅಲ್ಲಿಯೇ ಉಳಿಯಿತು. ನಗರದ ಇತರ ಬಡ ಭಾಗಗಳಿಗೆ, ಮುಖ್ಯವಾಗಿ ಲೋವರ್ ನೈನ್ತ್ ವಾರ್ಡ್ ಎಂಬಲ್ಲಿಗೆ, ಹೋದವರಲ್ಲಿ ಹೆಚ್ಚಿನವರು ಮರಳಲೇ ಇಲ್ಲ. ಆದರೂ ಒಂದು ವಿಷಯ ಸ್ಪಷ್ಟ. ತಮ್ಮವರನ್ನು ಮರಳಿ ಕರೆತರಲು ಧರ್ಮಕೇಂದ್ರದ ಒಗ್ಗಟ್ಟು ಸಾಕಾಗಿತ್ತು; ಮರಳಿದ ಊರನ್ನು ಉಳಿಸಿಕೊಳ್ಳಲು ಬೇಲಿಯಾಚೆಯವರೂ ಬೇಕಾದರು.

ಒಡನಾಟ ಅಲ್ಲಿಗೇ ನಿಲ್ಲಲಿಲ್ಲ. 2006ರಲ್ಲಿಯೇ ಧರ್ಮಕೇಂದ್ರದ ಹೆಸರಿನಲ್ಲಿ ಸಮುದಾಯ ಅಭಿವೃದ್ಧಿ ಸಂಸ್ಥೆ ಹುಟ್ಟಿತು; ತರುಣರೂ ತಮ್ಮದೇ ಸಂಘ ಕಟ್ಟಿದರು. ಯೇಸುಸಭೆಯಲ್ಲಿ ಕೆಲ ವರ್ಷ ಗುರು ತರಬೇತಿ ಪಡೆದಿದ್ದ ಜೋಸೆಫ್ ಕಾವ್‌ರವರು 2008ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ವಿಯೆಟ್ನಾಂ ಮೂಲದವರಾದರು. 2010ರ ಏಪ್ರಿಲಿನಲ್ಲಿ ಸಮುದ್ರದ ತೈಲಬಾವಿ ಸ್ಫೋಟಗೊಂಡು 11 ಮಂದಿ ಸತ್ತು, ಎಣ್ಣೆ ಹರಡಿ ಮೀನುಗಾರಿಕೆ ನಿಂತಾಗ, ಕೆಲಸ ಕಳೆದುಕೊಂಡವರಿಗಾಗಿ ತರಕಾರಿ ಬೆಳೆಗಾರರ ಸಹಕಾರಿ ಸಂಘ ತಲೆಯೆತ್ತಿತು. ಅಜ್ಜಿಯರ ಹಿತ್ತಿಲ ವಿದ್ಯೆ ಮನೆಗಳ ಒಲೆ ಉರಿಸಿತು.

ಗೋಡೆ ನಿಂತಿತು, ದೀಪ ಆರಿತು

ಕತ್ರಿನಾದ ನಂತರ ಸರಕಾರ ಸುಮ್ಮನಿರಲಿಲ್ಲ. ಸುಮಾರು 1,450 ಕೋಟಿ ಡಾಲರ್ ವೆಚ್ಚದಲ್ಲಿ ಹೊಸ ಒಡ್ಡುಗಳು, ಬಾಗಿಲುಗಳು, ಪಂಪುಗಳು ಬಂದವು. ಕಾಡನ್ನು ಕೊಂದ ಹಡಗು ಕಾಲುವೆಯನ್ನು ಮುಚ್ಚಬೇಕೆಂದು ಪರಿಸರ ಸಂಘಟನೆಗಳೂ ಸ್ಥಳೀಯ ಸಂಘಗಳೂ ಒಂದಾಗಿ ಒತ್ತಾಯಿಸಿದವು. 2009ರಲ್ಲಿ ಅದಕ್ಕೆ ಕಲ್ಲಿನ ಅಡ್ಡಗಟ್ಟೆ ಬಿತ್ತು. 2021ರ ಆಗಸ್ಟ್ 29ರಂದು, ಕತ್ರಿನಾ ಬಂದು ಸರಿಯಾಗಿ 16 ವರ್ಷಕ್ಕೆ, ಇಡಾ ಚಂಡಮಾರುತ ಬಂದಾಗ ನಗರವನ್ನು ಸುತ್ತಿದ ಹೊಸ ಒಡ್ಡುಗಳು ಜಗ್ಗಲಿಲ್ಲ. ಆದರೆ ನಗರಕ್ಕೆ ವಿದ್ಯುತ್ ತರುವ ಎಂಟೂ ಮಾರ್ಗಗಳು ಕೆಟ್ಟವು. ಬೇಸಗೆಯ ಬೇಗೆಯಲ್ಲಿ ದಿನಗಟ್ಟಲೆ ಫ್ಯಾನಿಲ್ಲ, ಲಿಫ್ಟಿಲ್ಲ. ಹಿರಿಯರ ವಸತಿಗೃಹಗಳಲ್ಲಿ ಹಲವರು ತಮ್ಮ ಕೋಣೆಗಳಲ್ಲೇ ಸತ್ತಿರುವುದು ಪತ್ತೆಯಾಯಿತು. ಅವರನ್ನು ಕೊಂದದ್ದು ನೀರಲ್ಲ. ಬಾಗಿಲು ತಟ್ಟಿ ಕೇಳುವವರು ಸಕಾಲಕ್ಕೆ ಬಾರದೆ ಹೋದದ್ದೂ ಆ ಸಾವಿಗೆ ಕಾರಣ.

ಇದರಿಂದ ಎಚ್ಚೆತ್ತ ಅಲ್ಲಿನ ವಿವಿಧ ಪಂಗಡಗಳ ಚರ್ಚುಗಳೂ ನೆರೆಹೊರೆಯ ಸಂಘಗಳೂ 'ಟುಗೆದರ್ ನ್ಯೂ ಓರ್ಲಿಯನ್ಸ್' ಎಂಬ ಒಕ್ಕೂಟದ ಮೂಲಕ ಹೊಸ ಕಾರ್ಯಕ್ಕೆ ಕೈಹಾಕಿದವು. ಚರ್ಚುಗಳ ಮತ್ತು ಸಮುದಾಯ ಭವನಗಳ ಮಾಡಿನ ಮೇಲೆ ಸೌರಫಲಕ, ಕೆಳಗೆ ಬ್ಯಾಟರಿ. ವಿದ್ಯುತ್ ಹೋದರೆ ಅಲ್ಲಿ ತಂಪಾದ ಕೋಣೆ ಇರುತ್ತದೆ. ಇನ್ಸುಲಿನ್ ಇಡಲು ಫ್ರಿಜ್ಜು, ಉಸಿರಾಟದ ಯಂತ್ರಕ್ಕೆ ಕರೆಂಟು, ಮೊಬೈಲಿಗೆ ಚಾರ್ಜು ಸಿಗುತ್ತದೆ. ಇವಕ್ಕೆ 'ಸಮುದಾಯದ ದೀಪಸ್ತಂಭ'ಗಳೆಂದು ಹೆಸರಿಟ್ಟರು. ಯಾರೂ ಕಾಲ್ನಡಿಗೆಯಲ್ಲಿ ಹೆಚ್ಚು ದೂರ ಹೋಗಬೇಕಾಗದಂತೆ ನಗರದಾದ್ಯಂತ 86 ಇರಬೇಕೆಂಬುದು ಯೋಜನೆ. 2024ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ್ ಚಂಡಮಾರುತ ಬಂದಾಗ ಆಗಲೇ ಸಿದ್ಧವಾಗಿದ್ದವು ತೆರೆದುಕೊಂಡವು. ಇಲ್ಲಿ ಯಂತ್ರಕ್ಕಿಂತ ದೊಡ್ಡದು ಸ್ವಯಂಸೇವಕರ ಕೆಲಸ: ಸುತ್ತಲಿನ ಮನೆಗಳಿಗೆ ಮುಂಚಿತವಾಗಿಯೇ ಹೋಗಿ, ಯಾರಿಗೆ ಏನು ಬೇಕಾದೀತೆಂದು ವಿಚಾರಿಸಿಡುವುದು.

ನೆಹೆಮೀಯನ ಪಟ್ಟಿ

ಪವಿತ್ರ ಬೈಬಲಿನ ನೆಹೆಮೀಯ ಗ್ರಂಥದ 3ನೇ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದದೆ ಮುಂದೆ ಹೋಗುತ್ತೇವೆ; ಅದು ಬರಿಯ ಹೆಸರುಗಳ ಪಟ್ಟಿ. ಬಿದ್ದಿದ್ದ ಜೆರುಸಲೇಮಿನ ಗೋಡೆಯನ್ನು ಯಾರು ಯಾರು ಎಲ್ಲೆಲ್ಲಿ ಕಟ್ಟಿದರೆಂಬ ವಿವರ ಅಲ್ಲಿದೆ. ಯಾಜಕರು ಕಟ್ಟಿದರು, ಅಕ್ಕಸಾಲಿಗರು, ಸುಗಂಧ ದ್ರವ್ಯ ಮಾಡುವವರು, ವರ್ತಕರು ಕಟ್ಟಿದರು, ಶಲ್ಲೂಮ್ ಎಂಬವನ ಹೆಣ್ಣುಮಕ್ಕಳೂ ಕಲ್ಲೆತ್ತಿದರು. ಹಲವರು ತಂತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ. ಅದೂ ಪಟ್ಟಿಯಲ್ಲಿ ದಾಖಲಾಗಿದೆ! 52 ದಿನಗಳಲ್ಲಿ ಗೋಡೆ ಎದ್ದಿತು. ಗೋಡೆ ಬೇಡವೆಂದು ದೇವರ ವಾಕ್ಯ ಹೇಳುವುದಿಲ್ಲ; ಅಕ್ಕಪಕ್ಕದವರ ಕೈ ಸೇರಿದ ಗೋಡೆಯೇ ನಿಲ್ಲುತ್ತದೆಂದು ತೋರಿಸುತ್ತದೆ.

ನಮ್ಮ ತೀರದಲ್ಲಿ

ನಮ್ಮ ಮಂಗಳೂರಿಗೂ ಕರಾವಳಿಯ ಇತರ ಪೇಟೆಗಳಿಗೂ ಇದು ದೂರದ ಕಥೆಯಲ್ಲ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಸಮುದ್ರದಲ್ಲಿ ತಡೆಗೋಡೆ ಬಂದಿದೆ. ಆದರೂ 2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಆ ಆಸುಪಾಸಿನ ಸೋಮೇಶ್ವರ ಉಚ್ಚಿಲದಲ್ಲಿ ಮನೆಗಳಿಗೆ ಹಾನಿಯಾಯಿತು. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಿತ್ತು. ತಲೆಮಾರುಗಳಿಂದ ನೆಲೆಸಿದ್ದ ಕುಟುಂಬಗಳು ಎದ್ದು ಹೋಗಬೇಕಾಯಿತು. ಕಸದ ಬೆಟ್ಟವೂ ಕಡಲ್ಕೊರೆತವೂ ಯಾರ ಜಾತಿ ಧರ್ಮವನ್ನೂ ಕೇಳಲಿಲ್ಲ.

ನಮ್ಮಲ್ಲಿ ಗುರ್ಕಾರರಿದ್ದಾರೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆ, ಸ್ತ್ರೀ ಸಂಘಟನೆ ಇದೆ, ಯುವಕರಿದ್ದಾರೆ. ಮಕ್ಕಳು ಗಲ್ಫಿನಲ್ಲಿ, ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಎಂಬ ಸ್ಥಿತಿ ಪ್ರತಿ ವಾಳೆಯಲ್ಲೂ ಉಂಟು. ಅಂಥವರ ಪಟ್ಟಿ ಗುರ್ಕಾರರ ಕೈಯಲ್ಲಿ ಮಳೆಗಾಲಕ್ಕೆ ಮುನ್ನವೇ ಇದೆಯೇ? ಯಾರಿಗೆ ಡಯಾಲಿಸಿಸ್, ಯಾರಿಗೆ ಇನ್ಸುಲಿನ್, ಯಾರ ಮನೆಗೆ ತೋಡಿನ ನೀರು ಮೊದಲು ನುಗ್ಗುತ್ತದೆ ಎಂಬುದು ಅದರಲ್ಲಿದೆಯೇ? ಇಷ್ಟು ಮಾಡಿದರೆ ವರ್ಸೈಲ್ಸಿನ ಕಥೆಯ ಮೊದಲ ಭಾಗ ಕಲಿತಂತೆ.

ಎರಡನೆಯ ಭಾಗ ಹೆಚ್ಚು ಕಷ್ಟದ್ದು. ಆ ಪಟ್ಟಿಯಲ್ಲಿ ನಮ್ಮವರ ಹೆಸರು ಮಾತ್ರ ಇದ್ದರೆ ಸಾಲದು. ಪಕ್ಕದ ಓಣಿಯ ಬ್ಯಾರಿ ಅಜ್ಜ, ಎದುರಿನ ಮನೆಯ ಮೊಗವೀರ ತಾಯಿ, ಬಾಡಿಗೆ ಕೋಣೆಯಲ್ಲಿರುವ ಉತ್ತರ ಕರ್ನಾಟಕದ ಕೂಲಿಯವರು ಅದರಲ್ಲಿ ಇದ್ದಾರೆಯೇ? ಮೊಗವೀರ ಸಂಘದವರು, ಮಸೀದಿಯ ಜಮಾತಿನವರು, ಭಜನಾ ಮಂದಿರದವರು, ವಾರ್ಡಿನ ಸದಸ್ಯರು ನಮ್ಮ ಗುರ್ಕಾರರ ಜೊತೆ ಒಂದೇ ಚಾಪೆಯ ಮೇಲೆ ಕುಳಿತು, ನೆರೆ ಬಂದರೆ ಯಾವ ಸಭಾಂಗಣ ತೆರೆಯುವುದು, ಯಾರ ದೋಣಿ ಇಳಿಸುವುದು, ತೋಡಿನ ಹೂಳನ್ನು ಯಾವಾಗ ತೆಗೆಸುವುದು ಎಂದು ವರ್ಷಕ್ಕೊಮ್ಮೆಯಾದರೂ ಮಾತನಾಡಲು ಸಾಧ್ಯವಿಲ್ಲವೇ? ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವುದು ಹೆಚ್ಚಾಗಿರುವ ಈ ದಿನಗಳಲ್ಲಿ ಇದು ಸುಲಭವಲ್ಲ. ಆದರೆ ಪರಿಚಯ ಮಾಡಿಕೊಳ್ಳಲು ನೆರೆಯ ದಿನ ತಡವಾದ ದಿನ. ನೀರು ಏರುವ ರಾತ್ರಿ ನಾವು ಕರೆಯುವುದು ಹೆಸರು ಗೊತ್ತಿರುವವರನ್ನೇ.

ಮರಿಯಮ್ಮನವರು ತಮ್ಮ ಸ್ತುತಿಗೀತೆಯಲ್ಲಿ ದೀನರನ್ನು ಮೇಲೆತ್ತುವ, ಹಸಿದವರನ್ನು ತೃಪ್ತಿಪಡಿಸುವ ದೇವರನ್ನು ಕೊಂಡಾಡಿದರು. ಆ ಗೀತೆಯನ್ನು ಅವರು ಹಾಡಿದ್ದು ಇನ್ನೊಬ್ಬರ ಮನೆಯಲ್ಲಿ ನಿಂತು. ಈ ಹಬ್ಬದ ಬಲಿಪೂಜೆ ಮುಗಿದು, ಧ್ವಜವಂದನೆಯಾಗಿ, ಸಿಹಿ ಹಂಚಿದ ಮೇಲೆ ನಾವು ಮಾಡಬಹುದಾದ ಕೆಲಸವೊಂದಿದೆ: ಒಂದು ಪೊಟ್ಟಣ ಸಿಹಿಯೊಂದಿಗೆ, ಈ ತನಕ ಮೆಟ್ಟಿಲು ಹತ್ತದ ಪಕ್ಕದ ಮನೆಗೆ ಹೋಗಿ ಬರುವುದು. ಶೀಘ್ರ ಸಹಾಯ ಮಾತೆ ನಮ್ಮ ಕಾಲುಗಳಿಗೆ ತಮ್ಮ ಅವಸರವನ್ನು ಕೊಡಲಿ. ಕಡಲ ತೀರದ ಎಲ್ಲ ಮನೆಗಳನ್ನೂ ತಮ್ಮ ಮಡಿಲಲ್ಲಿ ಕಾಪಾಡಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.